‘ಕೆಲಸ ಆತ್ರಿ’ ಅಂದರೆ ಸಾಲದು: ದೊಡ್ಡ ಕಂಪನಿಯ ಸಂದರ್ಶನಕ್ಕೆ ನಿಮ್ಮ ಅನುಭವ ಹೇಳಲು ತಯಾರಾಗುವುದು ಹೇಗೆ?

ಕಳೆದ ವರ್ಷ ಒಂದು ಭಾನುವಾರ ಬಾಗಲಕೋಟೆಯ ನವನಗರದಲ್ಲಿ ಹತ್ತು ಹುಡುಗ ಹುಡುಗಿಯರನ್ನು ಕೂರಿಸಿಕೊಂಡು ಅಣಕು ಸಂದರ್ಶನ ಮಾಡಿಸುತ್ತಿದ್ದೆ. ಬೀಳಗಿ ಕಡೆಯ ಒಬ್ಬ ಹುಡುಗ ಬಂದು ಕೂತ. ಮೆಕ್ಯಾನಿಕಲ್, ಕೊನೆಯ ವರ್ಷ. ವಿಷಯದ ಪ್ರಶ್ನೆಗಳಿಗೆಲ್ಲ ಚೆನ್ನಾಗಿ ಉತ್ತರ ಕೊಟ್ಟ. ಆಮೇಲೆ ಕೇಳಿದೆ: ‘ತುಂಬಾ ಕಷ್ಟದ ಪರಿಸ್ಥಿತಿಯನ್ನು ನೀನು ನಿಭಾಯಿಸಿದ ಒಂದು ಸಂದರ್ಭ ಹೇಳಪ್ಪ.’ ಸ್ವಲ್ಪ ಹೊತ್ತು ಯೋಚಿಸಿ ಅಂದ, ‘ಅಂಥಾದ್ದೇನೂ ಇಲ್ರಿ ಸರ.’

ಚಹಾ ಕುಡಿಯುವಾಗ ಅವನ ಹಾಜರಾತಿಯ ಮಾತು ಬಂತು. ‘ಡಿಸೆಂಬರದಾಗ ಹದಿನೈದು ದಿವಸ ಕಾಲೇಜಿಗೆ ಹೋಗಿದ್ದಿಲ್ರಿ’ ಅಂದ. ಯಾಕೆ ಅಂತ ಕೇಳಿದರೆ ಕಥೆ ಹೊರಗೆ ಬಂತು. ಅಪ್ಪನ ಕಾಲು ಮುರಿದಿತ್ತು. ಮೂರು ಎಕರೆ ಕಬ್ಬು ಕಟಾವಿಗೆ ಬಂದಿತ್ತು. ಕಡಿಯುವ ಗ್ಯಾಂಗ್ ಅರ್ಧ ಕಡಿದು ಬೇರೆ ಹೊಲಕ್ಕೆ ಹೋಗಿಬಿಟ್ಟಿತ್ತು. ಕಡಿದ ಕಬ್ಬು ಬಿಸಿಲಿಗೆ ಬಿದ್ದಷ್ಟೂ ತೂಕ ಇಳಿಯುತ್ತದೆ. ಈ ಹುಡುಗ ಊರಲ್ಲಿ ಎಂಟು ಜನರನ್ನು ಮುಯ್ಯಾಳಿಗೆ ಒಪ್ಪಿಸಿದ, ಪಕ್ಕದ ಹೊಲದವರ ಟ್ರ್ಯಾಕ್ಟರ್ ಗೊತ್ತು ಮಾಡಿದ, ನಾಲ್ಕು ದಿನದಲ್ಲಿ ಕಬ್ಬು ಕಾರ್ಖಾನೆ ಮುಟ್ಟಿಸಿದ. ಆಮೇಲೆ ಒಂದು ವಾರ ಆ ಎಂಟೂ ಜನರ ಹೊಲದಲ್ಲಿ ದುಡಿದು ಮುಯ್ಯಿ ತೀರಿಸಿದ.

ಇದಕ್ಕಿಂತ ದೊಡ್ಡ ಉತ್ತರ ಬೇಕಾ? ಆದರೆ ಅವನ ಲೆಕ್ಕದಲ್ಲಿ ಅದು ‘ಮನಿ ಕೆಲಸ’. ಸಂದರ್ಶನದಲ್ಲಿ ಹೇಳುವಂಥದ್ದಲ್ಲ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಮಕ್ಕಳ ಜೊತೆ ಕೂತಾಗೆಲ್ಲ ನನಗೆ ಇದೇ ಕಾಣುತ್ತದೆ. ಅನುಭವಕ್ಕೆ ಕೊರತೆ ಇಲ್ಲ. ಅದು ಅನುಭವ ಅಂತ ಗುರುತಿಸುವುದಿಲ್ಲ. ಗುರುತಿಸಿದರೂ ‘ನಾನು ಮಾಡಿದೆ’ ಅಂತ ಹೇಳಲು ಬಾಯಿ ಬರುವುದಿಲ್ಲ. ಈ ಎರಡನ್ನೂ ಸರಿ ಮಾಡಿಕೊಳ್ಳಲು ಮೂರು ವಾರ ಸಾಕು. ಹೇಗೆ ಅಂತ ಹೇಳುತ್ತೇನೆ.

ಈ ಪ್ರಶ್ನೆಗಳು ಯಾಕೆ?

ದೊಡ್ಡ ಕಂಪನಿಗಳಲ್ಲಿ ವಿಷಯದ ಪರೀಕ್ಷೆ ಆದ ಮೇಲೆ, ಕೆಲವು ಕಡೆ ಅದರ ಜೊತೆಗೇ, ಬಿಹೇವಿಯರಲ್, ಅಂದರೆ ನಡವಳಿಕೆಯ ಪ್ರಶ್ನೆಗಳು ಬರುತ್ತವೆ. ‘ಟೆಲ್ ಮಿ ಅಬೌಟ್ ಎ ಟೈಮ್ ವೆನ್’ ಅಂತ ಶುರುವಾದರೆ ಅದು ಈ ಜಾತಿಯ ಪ್ರಶ್ನೆ. ಜೊತೆಗಾರರೊಂದಿಗೆ ಭಿನ್ನಾಭಿಪ್ರಾಯ ಬಂದ ಒಂದು ಸಂದರ್ಭ ಹೇಳಿ. ಸೋತ ಒಂದು ಸಂದರ್ಭ ಹೇಳಿ. ಗಡುವು ಕೈತಪ್ಪುತ್ತಿದ್ದಾಗ ಏನು ಮಾಡಿದಿರಿ? ಯಾರೂ ಹೇಳದೆ ನೀವೇ ಮೈಮೇಲೆ ಹಾಕಿಕೊಂಡ ಕೆಲಸ ಯಾವುದು?

ಇದರ ಹಿಂದಿನ ಯೋಚನೆ ಸರಳ. ‘ಜಗಳ ಬಂದರೆ ಏನು ಮಾಡುತ್ತೀರಿ?’ ಅಂದರೆ ಯಾರು ಬೇಕಾದರೂ ಚಂದದ ಉತ್ತರ ಹೇಳಬಹುದು. ‘ಜಗಳ ಬಂದಾಗ ಏನು ಮಾಡಿದಿರಿ?’ ಅಂದರೆ ನಡೆದದ್ದನ್ನೇ ಹೇಳಬೇಕು. ಹಿಂದೆ ಹೇಗೆ ನಡೆದುಕೊಂಡರೋ ಮುಂದೆಯೂ ಹೆಚ್ಚುಕಡಿಮೆ ಹಾಗೇ ನಡೆದುಕೊಳ್ಳುತ್ತಾರೆ ಅನ್ನುವುದು ನಂಬಿಕೆ. ಟಾಮ್ ಜಾಂಜ್ ಎಂಬ ಸಂಶೋಧಕ 1982ರಲ್ಲೇ ಈ ಬಗೆಯ ಸಂದರ್ಶನವನ್ನು ಮನಸ್ಸಿಗೆ ಬಂದದ್ದು ಕೇಳುವ ಹಳೆಯ ಬಗೆಯ ಜೊತೆ ಹೋಲಿಸಿ ನೋಡಿದ್ದರು. ಈಗ ಇದು ಐಟಿ ಕಂಪನಿ, ಬ್ಯಾಂಕ್, ಕಾರ್ಖಾನೆ ಎಲ್ಲ ಕಡೆ ಬಂದಿದೆ.

ಇದರಲ್ಲಿ ನಮಗೊಂದು ಒಳ್ಳೆಯ ಸುದ್ದಿಯೂ ಇದೆ. ನೀವು ಯಾವ ಊರು, ಯಾವ ಕಾಲೇಜು ಅನ್ನುವುದಕ್ಕಿಂತ ನೀವು ಏನು ಮಾಡಿದಿರಿ ಅನ್ನುವುದಕ್ಕೆ ಇಲ್ಲಿ ಬೆಲೆ ಜಾಸ್ತಿ.

ಮೊದಲು ಕಂಪನಿ ಏನು ಹುಡುಕುತ್ತಿದೆ ನೋಡಿ

ಇದು ಒಂದು ಸಂಜೆಯ ಕೆಲಸ, ಆದರೆ ಹೆಚ್ಚಿನವರು ಮಾಡುವುದೇ ಇಲ್ಲ. ದೊಡ್ಡ ಕಂಪನಿಗಳು ತಮಗೆ ಎಂಥವರು ಬೇಕು ಅನ್ನುವುದನ್ನು ಮುಚ್ಚಿಟ್ಟಿಲ್ಲ. ಅಮೆಜಾನ್ ತನ್ನ 16 ಲೀಡರ್‌ಶಿಪ್ ಪ್ರಿನ್ಸಿಪಲ್‌ಗಳನ್ನು ವೆಬ್‌ಸೈಟ್‌ನಲ್ಲೇ ಹಾಕಿದೆ. ಮೊದಲು 14 ಇದ್ದವು, 2021ರಲ್ಲಿ ಇನ್ನೆರಡು ಸೇರಿದವು. ಅಲ್ಲಿನ ಸಂದರ್ಶಕರು ಈ ತತ್ವಗಳನ್ನು ತಮ್ಮತಮ್ಮಲ್ಲಿ ಹಂಚಿಕೊಂಡು ಪ್ರಶ್ನೆ ಕೇಳುತ್ತಾರೆ. ‘ಬಾರ್ ರೈಸರ್’ ಅಂತ ಬೇರೆ ತಂಡದವರೊಬ್ಬರು ಕೂತಿರುತ್ತಾರೆ. ತುರ್ತಾಗಿ ಜನ ಬೇಕು ಅನ್ನುವ ಒತ್ತಡ ಅವರ ಮೇಲೆ ಇರುವುದಿಲ್ಲ. ಹಾಗಾಗಿ ಅವರು ಸುಲಭಕ್ಕೆ ಹೂಂ ಅನ್ನುವುದಿಲ್ಲ.

ಇನ್ಫೋಸಿಸ್ ತನ್ನ ಮೌಲ್ಯಗಳನ್ನು ‘ಸಿ-ಲೈಫ್’ (C-LIFE) ಅಂತ ಐದು ಇಂಗ್ಲಿಷ್ ಅಕ್ಷರಗಳಲ್ಲಿ ಕಟ್ಟಿದೆ: ಗ್ರಾಹಕರಿಗೆ ಉಪಯೋಗ, ಮಾದರಿಯಾಗಿ ಮುನ್ನಡೆಸುವುದು, ಪ್ರಾಮಾಣಿಕತೆ ಮತ್ತು ಪಾರದರ್ಶಕತೆ, ನ್ಯಾಯ, ಉತ್ಕೃಷ್ಟತೆ. ಟಾಟಾ ಸಮೂಹದ್ದೂ ಐದು ಮೌಲ್ಯಗಳಿವೆ. ಇವನ್ನು ಬಾಯಿಪಾಠ ಮಾಡಿ ಒಪ್ಪಿಸಬೇಡಿ, ಅದರಿಂದ ಏನೂ ಗಿಟ್ಟುವುದಿಲ್ಲ. ಒಂದು ಹಾಳೆಯ ಮೇಲೆ ಬರೆದುಕೊಂಡು, ಪ್ರತಿಯೊಂದರ ಎದುರಿಗೆ ‘ಇದು ನನ್ನ ಬದುಕಿನಲ್ಲಿ ಎಲ್ಲಿ ಬಂದಿದೆ?’ ಅಂತ ಕೇಳಿಕೊಳ್ಳಿ. ಕೆಲಸದ ಜಾಹೀರಾತಿನಲ್ಲಿ ಎರಡು ಸಲ, ಮೂರು ಸಲ ಬಂದ ಮಾತುಗಳ ಕೆಳಗೂ ಗೆರೆ ಎಳೆಯಿರಿ.

ಒಂದು ವಾರ ಬರೀ ನೆನಪು ಮಾಡಿಕೊಳ್ಳಿ

ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಫೋನಿನಲ್ಲಿ ಬೇಡ, ಕೈಯಲ್ಲಿ ಬರೆಯುವಾಗ ಒಂದರ ಹಿಂದೆ ಒಂದು ನೆನಪು ಬರುತ್ತದೆ. ಏಳು ದಿನ, ದಿನಕ್ಕೆ ಅರ್ಧ ಗಂಟೆ. ಹಿಂದಿನ ನಾಲ್ಕೈದು ವರ್ಷದಲ್ಲಿ ನಡೆದದ್ದನ್ನು ಒಂದೊಂದು ಸಾಲಿನಲ್ಲಿ ಬರೆಯಿರಿ. ಈಗಲೇ ಒಳ್ಳೆಯದು, ಕೆಟ್ಟದ್ದು ಅಂತ ಆರಿಸಬೇಡಿ.

ಎಲ್ಲಿ ಹುಡುಕಬೇಕು? ಪ್ರಾಜೆಕ್ಟ್ ಮತ್ತು ಇಂಟರ್ನ್‌ಶಿಪ್ ಎಲ್ಲರಿಗೂ ಹೊಳೆಯುತ್ತವೆ. ಅದರಾಚೆಗೆ ಹೋಗಿ. ಹಾಸ್ಟೆಲ್ ಮೆಸ್ಸಿನ ಲೆಕ್ಕ ನೀವು ನೋಡಿಕೊಂಡಿದ್ದಿರಾ? ಊರ ಜಾತ್ರೆಯಲ್ಲಿ ಪ್ರಸಾದದ ಪಾಳಿ ಹಂಚಿದ್ದಿರಾ? ಎನ್ಎಸ್ಎಸ್ ಶಿಬಿರದಲ್ಲಿ ನೀರಿನ ವ್ಯವಸ್ಥೆ ಕೈಕೊಟ್ಟಾಗ ಓಡಾಡಿದವರು ಯಾರು? ಗುಳೇದಗುಡ್ಡ, ಇಳಕಲ್ಲಿನಲ್ಲಿ ಮನೆಯಲ್ಲೇ ಮಗ್ಗ ಇರುವವರು ಎಷ್ಟೋ ಜನ. ವ್ಯಾಪಾರಿಯ ಹತ್ತಿರ ಸೀರೆಯ ಬಾಕಿ ಹಣ ಕೇಳಿ ತಂದದ್ದು ಅನುಭವ ಅಲ್ವಾ? ಇಂಡಿಯ ನಿಂಬೆ, ತಿಕೋಟಾದ ದ್ರಾಕ್ಷಿ, ಅಪ್ಪನ ಕಿರಾಣಿ ಅಂಗಡಿ, ಅಕ್ಕನ ಮದುವೆಯ ಖರ್ಚಿನ ಲೆಕ್ಕ, ಎಲ್ಲವೂ ಬರಲಿ.

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ತುಂಬಿ ಬಂದಾಗ ನಮ್ಮ ಕಡೆ ಎಷ್ಟು ಹುಡುಗರು ಗಂಜಿ ಕೇಂದ್ರಗಳಲ್ಲಿ ರಾತ್ರಿ ಹಗಲು ನಿಂತರು. ಅವರಲ್ಲಿ ಇವತ್ತು ಕೆಲಸ ಬದಲಾಯಿಸುವವರು, ಎರಡನೇ ಕೆಲಸ ಹುಡುಕುವವರು ಇದ್ದಾರೆ. ಅದು ಹಳೆಯದಾಯಿತು ಅಂತ ಬಿಡಬೇಡಿ. ಇತ್ತೀಚಿನ ಅನುಭವಗಳಿಗೆ ಮೊದಲ ಜಾಗ ಕೊಟ್ಟು, ಅಂಥದ್ದೊಂದನ್ನು ಜೊತೆಗೆ ಇಟ್ಟುಕೊಳ್ಳಿ.

ನೆನಪು ಬರದಿದ್ದರೆ ಮನೆಯವರನ್ನು ಕೇಳಿ. ‘ಅವ್ವಾ, ನಾ ಯಾವಾಗರ ಛಲೋ ಕೆಲಸ ಮಾಡೇನೇನು?’ ಅಂತ ಕೇಳಿದರೆ ಅವಳು ನೀವು ಮರೆತದ್ದನ್ನೇ ಹೇಳುತ್ತಾಳೆ. ರೂಮಿನ ಗೆಳೆಯರನ್ನೂ ಕೇಳಿ. ಅವರು ನಿಮ್ಮ ಸೋಲುಗಳನ್ನೂ ಹೇಳುತ್ತಾರೆ, ಅವೂ ಬೇಕು.

ವಾರದ ಕೊನೆಗೆ ಮೂವತ್ತು ನಲವತ್ತು ಸಾಲುಗಳಾಗಿರುತ್ತವೆ. ಅದರಲ್ಲಿ ಎಂಟನ್ನು ಆರಿಸಿ. ನೀವೇ ಕೈಹಾಕಿ ಏನಾದರೂ ಮಾಡಿರಬೇಕು, ಕೊನೆಗೆ ಏನೋ ಒಂದು ಬದಲಾಗಿರಬೇಕು, ಯಾರು ಎಷ್ಟು ಕೆದಕಿದರೂ ಹೇಳಲು ನಿಮ್ಮ ಹತ್ತಿರ ವಿವರ ಇರಬೇಕು. ಮನೆಯ ಆಸ್ತಿ ಜಗಳ, ಊರ ರಾಜಕೀಯ, ಜಾತಿ ವಿಷಯ ಬೇಡ. ಅಲ್ಲಿ ನೀವು ಎಷ್ಟೇ ಸರಿಯಾಗಿ ನಡೆದುಕೊಂಡಿದ್ದರೂ ಕೇಳುವವರ ಗಮನ ಬೇರೆ ಕಡೆ ಹೋಗುತ್ತದೆ.

ಆಮೇಲೆ ಒಂದು ಚೌಕದ ಪಟ್ಟಿ ಹಾಕಿ. ಎಡಗಡೆ ಎಂಟು ಅನುಭವ. ಮೇಲೆ ಸಾಲಾಗಿ: ಮುಂದಾಳತ್ವ, ಭಿನ್ನಾಭಿಪ್ರಾಯ, ಸೋಲು, ಗಡುವು, ಹೊಸದು ಕಲಿತದ್ದು, ಗ್ರಾಹಕರು, ತಾನಾಗಿ ಹೊತ್ತ ಹೊಣೆ. ಯಾವುದು ಯಾವುದಕ್ಕೆ ಹೊಂದುತ್ತದೋ ಅಲ್ಲಿ ಗುರುತು ಹಾಕಿ. ಒಂದೇ ಅನುಭವ ಎರಡು ಮೂರು ಕಡೆ ಬರುತ್ತದೆ. ಕಬ್ಬಿನ ಕಥೆ ಮುಂದಾಳತ್ವಕ್ಕೂ ಸರಿ, ಗಡುವಿಗೂ ಸರಿ. ಯಾವ ಕಾಲಂ ಖಾಲಿ ಉಳಿಯಿತೋ ಆ ಪ್ರಶ್ನೆ ಬಂದರೆ ತಡವರಿಸುತ್ತೀರಿ ಅಂತ ಅರ್ಥ. ಅದಕ್ಕೆ ಇನ್ನೊಂದು ಹುಡುಕಿ.

ಮೊದಲು ಕನ್ನಡದಲ್ಲಿ ಬರೆಯಿರಿ, ಕ್ರಿಯಾಪದದ ಬಾಲ ನೋಡಿ

ಇಡೀ ತಯಾರಿಯಲ್ಲಿ ನಾನು ಹೆಚ್ಚು ಸಮಯ ಕೊಡಿಸುವುದು ಇದಕ್ಕೇ.

ಎಂಟೂ ಅನುಭವಗಳನ್ನು ಮನೆಯಲ್ಲಿ ಮಾತಾಡುವ ಕನ್ನಡದಲ್ಲೇ ಬರೆಯಿರಿ. ಇಂಗ್ಲಿಷ್ ಆಮೇಲೆ. ಬರೆದಾದ ಮೇಲೆ ಕೆಂಪು ಪೆನ್ ತೆಗೆದುಕೊಂಡು ಪ್ರತಿ ವಾಕ್ಯದ ಕೊನೆಯ ಪದ ನೋಡಿ. ಕನ್ನಡದಲ್ಲಿ ಕೆಲಸ ಮಾಡಿದವರು ಯಾರು ಅನ್ನುವುದನ್ನು ಕ್ರಿಯಾಪದದ ಬಾಲವೇ ಹೇಳುತ್ತದೆ. ‘ಮಾಡಿದೆ’ ಅಂದರೆ ನಾನು. ‘ಮಾಡಿದೆವು’ ಅಂದರೆ ನಾವು. ‘ಮಾಡಿದರು’ ಅಂದರೆ ಬೇರೆಯವರು. ‘ಆಯಿತು’, ‘ಮಾಡಲಾಯಿತು’ ಅಂದರೆ? ಯಾರೋ ಗೊತ್ತಿಲ್ಲ, ತಾನಾಗೇ ಆದಂತೆ.

ಒಬ್ಬ ಹುಡುಗ ತನ್ನ ಪ್ರಾಜೆಕ್ಟ್ ಬಗ್ಗೆ ಹೀಗೆ ಬರೆದಿದ್ದ: ‘ಡೆಮೊ ಹಿಂದಿನ ದಿವಸ ಮೋಟರ್ ಸುಟ್ಟಿತು. ಸರಗೆ ತಿಳಿಸಲಾಯಿತು. ಬ್ಯಾರೆ ಮೋಟರ್ ತರಿಸಲಾಯಿತು. ರಾತ್ರಿ ಕೂತು ಜೋಡಿಸಿದೆವು. ಡೆಮೊ ಆತು.’ ಐದು ವಾಕ್ಯ. ಒಂದರಲ್ಲೂ ‘ನಾನು’ ಇಲ್ಲ! ಯಾರು ಹೋಗಿ ಮೋಟರ್ ತಂದರು ಅಂತ ಕೇಳಿದೆ. ‘ನಾನ ಹೋಗಿದ್ನಿರಿ, ಹುಬ್ಬಳ್ಳಿಗೆ, ಸಂಜಿ ಬಸ್ಸಿಗೆ.’ ಯಾವ ಮೋಟರ್ ತರಬೇಕು ಅಂತ ಯಾರು ತೀರ್ಮಾನಿಸಿದರು? ‘ಅದೂ ನಾನರಿ. ಅದ ಮಾಡೆಲ್ ಸಿಗಲಿಲ್ಲ. ಟಾರ್ಕ್ ಲೆಕ್ಕಾ ಹಾಕಿ ಬ್ಯಾರೆ ತಗೊಂಡ್ನಿ.’ ಇದೇ ಉತ್ತರ. ಇದನ್ನೇ ಅವನು ‘ತರಿಸಲಾಯಿತು’ ಅನ್ನುವ ಒಂದು ಪದದ ಒಳಗೆ ಹೂತುಬಿಟ್ಟಿದ್ದ.

ನಾವು ‘ತುಂಬಿದ ಕೊಡ ತುಳುಕುವುದಿಲ್ಲ’ ಅಂತ ಕೇಳಿ ಬೆಳೆದವರು. ನಾನು, ನಾನು ಅನ್ನುವುದು ಸೊಕ್ಕು ಅಂತ ಹಿರಿಯರು ಕಲಿಸಿದ್ದಾರೆ. ಆ ಸಂಸ್ಕಾರದ ಮೇಲೆ ನನಗೂ ಗೌರವ ಇದೆ. ಆದರೆ ನಡೆದದ್ದನ್ನು ನಡೆದಂತೆ ಹೇಳುವುದು ಸೊಕ್ಕಲ್ಲ. ಎದುರಿಗೆ ಕೂತವರು ಕೆಲಸ ಕೊಡುವುದು ನಿಮಗೆ, ನಿಮ್ಮ ತಂಡಕ್ಕಲ್ಲ. ತಂಡ ಮಾಡಿದ್ದಕ್ಕೆ ‘ನಾವು’ ಅನ್ನಿ, ನೀವು ಮಾಡಿದ್ದಕ್ಕೆ ‘ನಾನು’ ಅನ್ನಿ. ಗೆಳೆಯ ಮಾಡಿದ್ದನ್ನು ‘ನಾನು’ ಅಂದರೆ ಅದು ಸುಳ್ಳು. ನೀವು ಮಾಡಿದ್ದನ್ನು ‘ಆಯಿತು’ ಅಂದರೆ ಅದೂ ಪೂರ್ತಿ ನಿಜವಲ್ಲ.

ಇಂಗ್ಲಿಷ್‌ಗೆ ಹೋಗುವಾಗ ಇನ್ನೊಂದು ತೊಡಕಿದೆ. ಕನ್ನಡದಲ್ಲಿ ‘ಹೋದೆ, ನೋಡಿದೆ, ಹೇಳಿದೆ’ ಅಂದರೆ ಸಾಕು, ‘ನಾನು’ ಅಂತ ಬಾಯಿಬಿಟ್ಟು ಹೇಳುವುದೇ ಬೇಡ. ಇಂಗ್ಲಿಷ್‌ನಲ್ಲಿ ಪ್ರತಿ ವಾಕ್ಯಕ್ಕೂ ‘ಐ’ ಹಾಕಲೇಬೇಕು. ಮೂರನೇ ‘ಐ’ ಬರುವ ಹೊತ್ತಿಗೆ ನಮಗೆ ಮುಜುಗರ ಶುರುವಾಗಿ ‘ವಿ’ಗೆ ಜಾರುತ್ತೇವೆ. ಇದು ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ಕೇಳುವವರಿಗೆ ಅದು ಜಂಬ ಅಂತ ಅನ್ನಿಸುವುದೇ ಇಲ್ಲ, ಆ ಭಾಷೆ ಇರುವುದೇ ಹಾಗೆ.

ನಾಲ್ಕು ಭಾಗ ಮಾಡಿ ಜೋಡಿಸಿ

ಈ ಉತ್ತರಗಳಿಗೆ ‘ಸ್ಟಾರ್’ ಅಂತ ಒಂದು ಕ್ರಮ ಇದೆ. ಸಂದರ್ಭ ಏನಿತ್ತು, ನಿಮ್ಮ ಹೊಣೆ ಏನಿತ್ತು, ನೀವು ಏನು ಮಾಡಿದಿರಿ, ಕೊನೆಗೆ ಏನಾಯಿತು. ಸಿಚುಯೇಶನ್, ಟಾಸ್ಕ್, ಆಕ್ಷನ್, ರಿಸಲ್ಟ್ ಎಂಬ ನಾಲ್ಕು ಇಂಗ್ಲಿಷ್ ಪದಗಳ ಮೊದಲ ಅಕ್ಷರ ಸೇರಿ ಆ ಹೆಸರು ಬಂದಿದೆ. ನೂರಾರು ಕಡೆ ಓದಿರುತ್ತೀರಿ, ಹಾಗಾಗಿ ಉದ್ದ ಹೇಳುವುದಿಲ್ಲ. ಅಳತೆ ಮಾತ್ರ ಹೇಳುತ್ತೇನೆ. ಒಟ್ಟು ಎರಡು ನಿಮಿಷ. ಸಂದರ್ಭ ಮತ್ತು ಹೊಣೆ ಎರಡೂ ಸೇರಿ ಅರ್ಧ ನಿಮಿಷ. ಮಾಡಿದ್ದು ಒಂದು ನಿಮಿಷ ಅಥವಾ ಇನ್ನೂ ಸ್ವಲ್ಪ ಜಾಸ್ತಿ. ಫಲ ಉಳಿದದ್ದರಲ್ಲಿ. ನಮ್ಮವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಹಿನ್ನೆಲೆಯೇ ಒಂದೂವರೆ ನಿಮಿಷ, ಮಾಡಿದ್ದು ಎರಡು ವಾಕ್ಯ.

ಒಂದು ಉತ್ತರ ಪೂರ್ತಿ ನೋಡೋಣ. ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ (ಕರಗಿದ ಲೋಹವನ್ನು ಮರಳಿನ ಅಚ್ಚಿಗೆ ಸುರಿದು ಎರಕ ಹೊಯ್ಯುವ ಕಾರ್ಖಾನೆ) ಎರಡು ವರ್ಷ ಕೆಲಸ ಮಾಡಿದ್ದ ಡಿಪ್ಲೊಮಾ ಹುಡುಗಿ ದೊಡ್ಡ ವಾಹನ ಕಂಪನಿಯೊಂದಕ್ಕೆ ತಯಾರಾಗುತ್ತಿದ್ದಳು. ‘ಯಾರೂ ಹೇಳದೆ ನೀವೇ ಹೊತ್ತುಕೊಂಡ ಹೊಣೆ’ ಎಂಬ ಪ್ರಶ್ನೆಗೆ ಅವಳ ಮೊದಲ ಉತ್ತರ ಇಷ್ಟೇ: ‘ನಮ್ಮಲ್ಲಿ ರಿಜೆಕ್ಷನ್ ಜಾಸ್ತಿ ಆಗಿತ್ತು. ಮರಳಿನ ತೇವ ಚೆಕ್ ಮಾಡಿ ಕಡಿಮೆ ಮಾಡಿದೆವು.’ ನಾಲ್ಕು ದಿನ ಕೂತು ಬರೆದ ಮೇಲೆ ಅದು ಹೀಗಾಯಿತು:

‘ಮಳೆಗಾಲ ಶುರುವಾದ ಮೇಲೆ ನಮ್ಮ ಒಂದು ಪಂಪ್ ಬಾಡಿಯ ಕಾಸ್ಟಿಂಗ್‌ಗಳಲ್ಲಿ ಬ್ಲೋ ಹೋಲ್, ಅಂದರೆ ಒಳಗೆ ಆವಿ ಸಿಕ್ಕಿ ಬೀಳುವ ತೂತು, ಹೆಚ್ಚಾಯಿತು. ನೂರಕ್ಕೆ ಸುಮಾರು ಒಂಬತ್ತು ರಿಜೆಕ್ಟ್ ಆಗುತ್ತಿದ್ದವು, ಮೊದಲು ನಾಲ್ಕು ಇತ್ತು. ರಿಜೆಕ್ಟ್ ಆದದ್ದನ್ನು ಬರೆದಿಡುವುದಷ್ಟೇ ನನ್ನ ಕೆಲಸ. ಕಾರಣ ಹುಡುಕು ಅಂತ ಯಾರೂ ಹೇಳಿರಲಿಲ್ಲ. ಬರೆಯುತ್ತಾ ಬೆಳಗಿನ ಪಾಳಿಯಲ್ಲೇ ಜಾಸ್ತಿ ಬರುತ್ತಿವೆ ಅನ್ನಿಸಿತು. ಮೂರು ವಾರದ ಲೆಕ್ಕವನ್ನು ಪಾಳಿವಾರು ಬೇರೆ ಮಾಡಿ ನೋಡಿದೆ. ಅನುಮಾನ ನಿಜವಾಗಿತ್ತು. ಬೆಳಿಗ್ಗೆ ಒಂದು ತಾಸು ಮೊದಲೇ ಹೋಗಿ ನೋಡಿದೆ. ಮರಳು ಇಡುವ ಕಡೆ ರಾತ್ರಿ ಮಳೆ ಎರಚುತ್ತಿತ್ತು. ಮೊದಲ ಬ್ಯಾಚಿಗೆ ಅದೇ ಮರಳು ಹೋಗುತ್ತಿತ್ತು. ತೇವ ಹೆಚ್ಚಿದ್ದರೆ ಕಾದ ಲೋಹ ಬಿದ್ದಾಗ ಆವಿ ಎದ್ದು ಒಳಗೆ ಸಿಕ್ಕಿಕೊಳ್ಳುತ್ತದೆ. ಸೂಪರ್‌ವೈಸರ್‌ಗೆ ಹೇಳಿದೆ. ಅವರು ಒಪ್ಪಲಿಲ್ಲ, ಲೋಹದ ಬಿಸಿ ಸಾಲದ್ದೇ ಕಾರಣ ಅಂದರು. ನಾನು ವಾದ ಮಾಡಲಿಲ್ಲ, ಮೂರು ವಾರದ ಪಟ್ಟಿ ತೋರಿಸಿದೆ, ಒಂದು ವಾರ ಮೊದಲ ಬ್ಯಾಚಿನ ಮರಳಿನ ತೇವ ಅಳೆದು ನೋಡಲು ಅನುಮತಿ ಕೇಳಿದೆ. ಒಪ್ಪಿದರು. ತೇವ ಹೆಚ್ಚಿದ್ದ ದಿನ ಒಣ ಮರಳು ಬೆರೆಸಿದೆವು. ಆ ವಾರ ರಿಜೆಕ್ಷನ್ ನೂರಕ್ಕೆ ಐದಕ್ಕೆ ಇಳಿಯಿತು. ಆಮೇಲೆ ಸೂಪರ್‌ವೈಸರ್ ಅವರೇ ಆ ಬದಿಗೆ ತಗಡು ಹೊಡೆಸಿದರು.’

ನೋಡಿ, ಎಲ್ಲಿ ‘ನೋಡಿದೆ’ ಬಂದಿದೆ, ಎಲ್ಲಿ ‘ಬೆರೆಸಿದೆವು’ ಬಂದಿದೆ, ಎಲ್ಲಿ ‘ಹೊಡೆಸಿದರು’ ಬಂದಿದೆ. ಮೂರೂ ಅದರದರ ಜಾಗದಲ್ಲಿವೆ. ಸೂಪರ್‌ವೈಸರ್ ಕೆಟ್ಟವರಾಗಿಲ್ಲ. ‘ನಾಲ್ಕಕ್ಕೆ ವಾಪಸ್ ಬಂತು’ ಅಂತ ಸುಳ್ಳು ಹೇಳಿಲ್ಲ, ಐದು ಅಂತಲೇ ಹೇಳಿದ್ದಾಳೆ. ನನಗೆ ಆ ಐದು ತುಂಬಾ ಇಷ್ಟವಾಯಿತು. ಅಂಥ ವಿವರವೇ ಕೇಳುವವರಲ್ಲಿ ನಂಬಿಕೆ ಹುಟ್ಟಿಸುತ್ತದೆ.

ಅಂಕಿ ಎಲ್ಲಿಂದ ತರಬೇಕು ಅಂತ ಎಲ್ಲರೂ ಕೇಳುತ್ತಾರೆ. ಎಷ್ಟು ಜನ, ಎಷ್ಟು ದಿನ, ಎಷ್ಟು ರೂಪಾಯಿ, ಎಷ್ಟು ಸಲ ಅಂತ ಕೇಳಿಕೊಂಡರೆ ಒಂದಾದರೂ ಸಿಗುತ್ತದೆ. ನಿಖರ ಗೊತ್ತಿಲ್ಲದಿದ್ದರೆ ‘ಸುಮಾರು’ ಅನ್ನಿ. ಅಂಕಿಯೇ ಇಲ್ಲದಿದ್ದರೆ ಕಣ್ಣಿಗೆ ಕಂಡ ಬದಲಾವಣೆ ಹೇಳಿ. ಮನಸ್ಸಿಗೆ ಬಂದ ಶೇಕಡಾವಾರು ಮಾತ್ರ ಹೇಳಲೇಬೇಡಿ. ‘ಅದನ್ನು ಹೇಗೆ ಲೆಕ್ಕ ಹಾಕಿದಿರಿ?’ ಅನ್ನುವುದು ಮುಂದಿನ ಪ್ರಶ್ನೆ.

‘ಯಾಕೆ?’ ಅಂತ ಕೆದಕಿಸಿಕೊಳ್ಳಿ

ಉತ್ತರ ಮುಗಿದ ಮೇಲೆ ನಿಜವಾದ ಸಂದರ್ಶನ ಶುರುವಾಗುತ್ತದೆ. ಅದೇ ದಾರಿ ಯಾಕೆ ಹಿಡಿದಿರಿ? ಬೇರೆ ಏನು ಯೋಚಿಸಿದ್ದಿರಿ? ಯಾರು ಬೇಡ ಅಂದರು? ಈಗ ಮತ್ತೆ ಅದೇ ಬಂದರೆ ಏನು ಬದಲಾಯಿಸುತ್ತೀರಿ? ಇಂಟರ್ನೆಟ್ಟಿನಿಂದಲೋ ಎಐ ಹತ್ತಿರ ಬರೆಸಿಯೋ ತಂದ ಕಥೆ ಮೊದಲ ಪ್ರಶ್ನೆಗೆ ನಿಂತೀತು, ಮೂರನೆಯದಕ್ಕೆ ಕುಸಿಯುತ್ತದೆ. ನಾನೇ ಆ ಕಡೆ ಕುರ್ಚಿಯಲ್ಲಿ ಕೂತು ಎಷ್ಟೋ ಸಲ ನೋಡಿದ್ದೇನೆ. ಹುಡುಗ ಒಳ್ಳೆಯವನಿರುತ್ತಾನೆ, ಕಥೆ ಸುಳ್ಳಿರುತ್ತದೆ. ನೋಡಿ ಹೊಟ್ಟೆ ಉರಿಯುತ್ತದೆ, ಯಾಕೆಂದರೆ ಅವನ ಹತ್ತಿರ ತನ್ನದೇ ಒಂದು ಕಥೆ ಇದ್ದೇ ಇರುತ್ತದೆ.

ಒಬ್ಬ ಗೆಳೆಯನನ್ನು ಎದುರಿಗೆ ಕೂರಿಸಿಕೊಳ್ಳಿ. ಪ್ರತಿ ಅನುಭವಕ್ಕೂ ಐದು ಸಲ ‘ಯಾಕ?’ ಅಂತ ಕೇಳಲಿ. ಇನ್ನೊಬ್ಬರು ಪಕ್ಕದಲ್ಲಿ ಕೂತು ನೀವು ಎಷ್ಟು ಸಲ ‘ವಿ’ ಅಂದಿರಿ, ಎಷ್ಟು ಸಲ ‘ಐ’ ಅಂದಿರಿ ಅಂತ ಗೆರೆ ಹಾಕಲಿ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಮೊದಲ ಸಲ ನಿಮ್ಮದೇ ದನಿ ಕೇಳಲು ಕಷ್ಟ, ಎರಡನೇ ಸಲಕ್ಕೆ ರೂಢಿಯಾಗುತ್ತದೆ. ಇಂಥ ಮೂರು ಸುತ್ತು ಆಗಲಿ. ಪದ ಪದ ಬಾಯಿಪಾಠ ಬೇಡ. ಒಂದೊಂದು ಅನುಭವಕ್ಕೆ ನಾಲ್ಕು ಪದ ನೆನಪಿಟ್ಟರೆ ಸಾಕು. ಫೌಂಡ್ರಿಯ ಹುಡುಗಿಯದು: ಮಳೆ, ಪಾಳಿವಾರು ಪಟ್ಟಿ, ತೇವ, ಐದು.

ಸೋಲು ಮತ್ತು ಜಗಳದ ಪ್ರಶ್ನೆ

ಇವೆರಡರಲ್ಲೇ ಜನ ಹೆಚ್ಚು ಎಡವುತ್ತಾರೆ. ನಾನೂ ಎಡವಿದ್ದೇನೆ. ನನ್ನ ಮೊದಲ ದೊಡ್ಡ ಸಂದರ್ಶನದಲ್ಲಿ ‘ತಂಡದಲ್ಲಿ ಭಿನ್ನಾಭಿಪ್ರಾಯ ಬಂದಾಗ ಏನು ಮಾಡಿದಿರಿ?’ ಅಂತ ಕೇಳಿದರು. ‘ನಾನು ಇಲ್ಲಿಯವರೆಗೂ ಯಾರ ಜೊತೆಗೂ ಜಗಳ ಆಡಿಲ್ಲ’ ಅಂದೆ. ಒಳ್ಳೆಯವನು ಅಂತ ತಿಳಿಯುತ್ತಾರೆ ಅಂದುಕೊಂಡಿದ್ದೆ. ಅವರು ಮತ್ತೊಮ್ಮೆ ಕೇಳಿದರು. ಆಗ ಗಾಬರಿಯಾಗಿ, ಪ್ರಾಜೆಕ್ಟ್ ತಡವಾದದ್ದಕ್ಕೆಲ್ಲ ಜೊತೆಯ ಹುಡುಗನೇ ಕಾರಣ ಅಂತ ದೂರಿಬಿಟ್ಟೆ. ಎರಡು ನಿಮಿಷದಲ್ಲಿ ಎರಡು ತಪ್ಪು. ಕೆಲಸ ಸಿಗಲಿಲ್ಲ. ಆ ಗೆಳೆಯನ ಬಗ್ಗೆ ಹಾಗೆ ಹೇಳಿದ್ದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಭಿನ್ನಾಭಿಪ್ರಾಯ ಅಂದರೆ ಹೊಡೆದಾಟ ಅಲ್ಲ. ಕೆಲಸ ಹೇಗೆ ಮಾಡಬೇಕು ಅನ್ನುವುದರಲ್ಲಿ ಇಬ್ಬರ ಯೋಚನೆ ಬೇರೆಯಾದದ್ದು. ಉತ್ತರದಲ್ಲಿ ಎದುರಿನವರ ವಾದವನ್ನು ಅವರೇ ಕೇಳಿದರೂ ಹೌದು ಅನ್ನುವಷ್ಟು ಸರಿಯಾಗಿ ಹೇಳಿ. ಆಮೇಲೆ ನೀವೇನು ಮಾಡಿದಿರಿ ಹೇಳಿ. ಕೊನೆಗೆ ಅವರ ಮಾತೇ ಸರಿ ಅಂತಾಗಿದ್ದರೆ ಅದನ್ನೂ ಹೇಳಿ, ಅದು ಇನ್ನೂ ಒಳ್ಳೆಯ ಉತ್ತರ.

ಸೋಲಿನ ಪ್ರಶ್ನೆಗೆ ‘ನಾನು ಜಾಸ್ತಿ ಕೆಲಸ ಮಾಡುತ್ತೇನೆ, ಅದೇ ನನ್ನ ದೋಷ’ ಅನ್ನಬೇಡಿ. ಕೇಳಿ ಕೇಳಿ ಅವರಿಗೆ ಸಾಕಾಗಿದೆ. ನಿಜವಾದ ಸೋಲು ಹೇಳಿ. ಬ್ಯಾಕ್‌ಲಾಗ್ ಇದ್ದರೆ ಅದನ್ನೇ ಹೇಳಬಹುದು. ವಿಜಯಪುರದ ಒಬ್ಬ ಹುಡುಗಿ ಮೂರನೇ ಸೆಮಿಸ್ಟರ್‌ನಲ್ಲಿ ಗಣಿತದಲ್ಲಿ ಫೇಲಾಗಿದ್ದಳು. ಪೇಪರ್ ಕಠಿಣ ಇತ್ತು ಅಂತ ಶುರು ಮಾಡುತ್ತಿದ್ದಳು. ಬದಲಾಯಿಸಿದ ಮೇಲೆ ಹೀಗೆ ಹೇಳಿದಳು: ‘ಮೊದಲ ಎರಡು ತಿಂಗಳು ನನಗೆ ಅರ್ಥವಾಗುತ್ತಿಲ್ಲ ಅಂತ ಯಾರಿಗೂ ಹೇಳಲಿಲ್ಲ. ನಾಚಿಕೆಯಾಗುತ್ತಿತ್ತು. ಫೇಲಾದ ಮೇಲೆ ಪ್ರತಿ ಶನಿವಾರ ಆ ವಾರ ತಿಳಿಯದ್ದನ್ನು ಪಟ್ಟಿ ಮಾಡಿ ಮೇಡಂ ಹತ್ತಿರ ಹೋದೆ. ಮುಂದಿನ ಸಲ ಪಾಸಾದೆ. ಈಗಲೂ ತಿಳಿಯದಿದ್ದರೆ ಅದೇ ವಾರ ಕೇಳುತ್ತೇನೆ.’ ತಪ್ಪು ತನ್ನದು ಅಂದಳು, ಬದಲಾದದ್ದು ಏನು ಅಂತ ತೋರಿಸಿದಳು. ಅಷ್ಟೇ ಬೇಕು.

ಮಾತು, ಮರ್ಯಾದೆ

ನಮ್ಮ ಮಾತಿನಲ್ಲಿ ‘ರಿ’ ಇದೆ. ಆ ಒಂದಕ್ಷರದಲ್ಲಿ ಎಲ್ಲ ಮರ್ಯಾದೆ ಬಂದುಬಿಡುತ್ತದೆ. ಇಂಗ್ಲಿಷ್‌ನಲ್ಲಿ ಅದಿಲ್ಲ, ಹಾಗಾಗಿ ನಮ್ಮ ಮಕ್ಕಳು ಪ್ರತಿ ವಾಕ್ಯಕ್ಕೂ ಎರಡೆರಡು ‘ಸರ್’ ಸೇರಿಸುತ್ತಾರೆ. ಗಾಬರಿಯಲ್ಲಿ ಎದುರಿಗೆ ಮೇಡಂ ಇದ್ದರೂ ‘ಸರ್’ ಬಂದುಬಿಡುತ್ತದೆ. ಶುರುವಿಗೆ ಒಂದು, ಕೊನೆಗೆ ಒಂದು ಸಾಕು. ಎಷ್ಟೋ ದೊಡ್ಡ ಕಂಪನಿಗಳಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಅವರೇ ಹಾಗೆ ಕರೆಯಿರಿ ಅಂದರೆ ಕರೆಯಿರಿ, ಅದು ಅಗೌರವ ಅಲ್ಲ.

ಇಂಗ್ಲಿಷ್ ಸಣ್ಣ ಸಣ್ಣ ವಾಕ್ಯದಲ್ಲಿರಲಿ. ಉಚ್ಚಾರಣೆ ನಮ್ಮ ಕಡೆಯದ್ದೇ ಇರಲಿ, ಏನೂ ತೊಂದರೆ ಇಲ್ಲ, ನಿಧಾನವಾಗಿ ಮಾತಾಡಿ. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿ ಅಂತ ಕೇಳಿ. ಯೋಚಿಸಲು ಹತ್ತು ಸೆಕೆಂಡ್ ಬೇಕು ಅಂತ ಕೇಳಿ ಸುಮ್ಮನೆ ಕೂತರೆ ಯಾರೂ ತಪ್ಪು ತಿಳಿಯುವುದಿಲ್ಲ. ಬಾಯಿಗೆ ಬಂದ ಮೊದಲ ಕಥೆ ಶುರು ಮಾಡಿ ಅರ್ಧಕ್ಕೆ ನಿಲ್ಲಿಸುವುದಕ್ಕಿಂತ ಆ ಹತ್ತು ಸೆಕೆಂಡ್ ಎಷ್ಟೋ ಮೇಲು.

ಹಿಂದಿನ ದಿನ, ಆ ದಿನ

ಆನ್‌ಲೈನ್ ಆದರೆ ಕರೆಂಟ್ ಹೋಗುವ ಊರು ಅಂತ ಗೊತ್ತಿದ್ದು ಮನೆಯಲ್ಲೇ ಕೂರಬೇಡಿ. ಪೇಟೆಯಲ್ಲಿ ನೆಂಟರ ಮನೆಯಲ್ಲೋ ಕಾಲೇಜಿನಲ್ಲೋ ಒಂದು ರೂಮು ಕೇಳಿ. ಎರಡನೇ ಸಿಮ್ ಇರುವ ಫೋನ್ ಚಾರ್ಜ್ ಮಾಡಿಟ್ಟುಕೊಳ್ಳಿ. ಬೆಂಗಳೂರಿಗೆ ಹೋಗಬೇಕಾದರೆ ರಾತ್ರಿ ರೈಲಿನಲ್ಲಿ ಹೋಗಿ ಬೆಳಿಗ್ಗೆಯೇ ಸಂದರ್ಶನಕ್ಕೆ ಕೂರುವ ಲೆಕ್ಕ ಹಾಕಬೇಡಿ, ಒಂದು ದಿನ ಮೊದಲೇ ಮುಟ್ಟಿ. ಕೆಲಸ ಕೊಡಿಸಲು, ಸಂದರ್ಶನಕ್ಕೆ, ಟ್ರೇನಿಂಗ್‌ಗೆ ಅಂತ ಯಾರಾದರೂ ಹಣ ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ. ದೊಡ್ಡ ಕಂಪನಿ ಅಭ್ಯರ್ಥಿಗಳಿಂದ ಹಣ ತೆಗೆದುಕೊಳ್ಳುವುದಿಲ್ಲ.

ಕೊನೆಯಲ್ಲಿ ‘ನಿಮ್ಮದೇನಾದರೂ ಪ್ರಶ್ನೆ ಇದೆಯಾ?’ ಅಂತ ಕೇಳುತ್ತಾರೆ. ‘ಏನಿಲ್ರಿ’ ಅನ್ನಬೇಡಿ. ಈ ಕೆಲಸಕ್ಕೆ ಬಂದವರು ಮೊದಲ ಆರು ತಿಂಗಳಲ್ಲಿ ಏನು ಕಲಿಯಬೇಕಾಗುತ್ತದೆ, ತಂಡದಲ್ಲಿ ಈಗ ಯಾವುದು ಕಷ್ಟವಾಗಿದೆ, ಇಂಥ ಎರಡು ಪ್ರಶ್ನೆ ಮೊದಲೇ ಬರೆದಿಟ್ಟುಕೊಳ್ಳಿ.

ಹೊರಗೆ ಬಂದ ಕೂಡಲೇ, ಮನೆಗೆ ಫೋನ್ ಮಾಡುವುದಕ್ಕೂ ಮೊದಲು, ಅದೇ ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಅವರು ಕೇಳಿದ ಪ್ರಶ್ನೆಗಳನ್ನೆಲ್ಲ ಬರೆಯಿರಿ. ಯಾವುದಕ್ಕೆ ಯಾವ ಅನುಭವ ಹೇಳಿದಿರಿ, ಎಲ್ಲಿ ತಡವರಿಸಿದಿರಿ, ಅದೂ ಬರಲಿ. ಮುಂದಿನ ಸುತ್ತಿನಲ್ಲಿ ಬೇರೆಯವರು ಕೂತಿರುತ್ತಾರೆ, ಅವರಿಗೆ ಬೇರೆ ಅನುಭವ ಹೇಳಬೇಕು. ಬಸ್ ಹತ್ತಿದ ಮೇಲೆ ಬರೆಯೋಣ ಅಂದುಕೊಂಡರೆ ಅರ್ಧ ಮರೆತಿರುತ್ತದೆ. ಗೇಟಿನ ಹೊರಗೆ ಎಲ್ಲಾದರೂ ನೆರಳಲ್ಲಿ ಕೂತು ಹತ್ತು ನಿಮಿಷ ಬರೆದು, ಆಮೇಲೆ ಅವ್ವನಿಗೆ ಫೋನ್ ಮಾಡಿ.